ಮೆತ್ತನೆಯ ಮಾರ್ಬಲ್

ನನ್ನ ಮಗಳನ್ನು ನೋಡಲು ಭದ್ರಾವತಿಯಿಂದ ಬಂದಿದ್ದ ಹುಡುಗನ ಅಜ್ಜಿಗೆ ಹಲ್ಲಿರಲಿಲ್ಲ. ತಟ್ಟೆಯ ಅಡಿಕೆ ಚೂರನ್ನು ನಮ್ಮ ನೆಲದ ಮೇಲಿಟ್ಟು ಅಡಕತ್ತರಿಯ ಹಿಡಿಯಿಂದ ಕುಟ್ಟಿದರು. ‘ಟಕ್’ ಎನ್ನಬೇಕಿದ್ದ ನೆಲ ‘ದೊಬ್’ ಎಂದಿತು. ನನ್ನ ಎದೆಯೂ.

ತಪ್ಪು ಅಜ್ಜಿಯದಲ್ಲ. ಊರಿಗೆಲ್ಲ ಮಾರ್ಬಲ್ ಹುಚ್ಚು ಹಿಡಿದಿದ್ದ ಕಾಲ ಅದು. ‘ರಾಜಸ್ಥಾನದ ಕಲ್ಲು’ ಎಂದು ನಮ್ಮ ಯಜಮಾನರು ಆಗಷ್ಟೇ ಕಾಲಾಡಿಸುತ್ತಾ ಬುರುಡೆ ಬಿಟ್ಟಿದ್ದರು. ಆ ರಾಜಸ್ಥಾನ ಹಿಂದಿನ ದಿನ ಸವಳಂಗ ರಸ್ತೆಯ ಅಂಗಡಿಯಿಂದ ಸುರುಳಿ ಸುತ್ತಿಕೊಂಡು ಆಟೋದಲ್ಲಿ ಬಂದಿತ್ತು. ಮಾರ್ಬಲ್ ಚಿತ್ತಾರದ ವಿನೈಲ್ ಶೀಟು!

ಅಜ್ಜಿ ಮತ್ತೆ ಕುಟ್ಟಿದರು. ಅಡಿಕೆ ಪುಡಿಯಾಗಲಿಲ್ಲ, ರಾಜಸ್ಥಾನವೇ ಗುಳಿಬಿತ್ತು.

“ಏನ್ ಮಾರಾಯ್ರೇ, ನಿಮ್ಮನೆ ಕಲ್ಲು ನನ್ನ ವಸಡಿಗಿಂತ ಮೆತ್ತಗಿದೆಯಲ್ಲ!” ಎಂದ ಅಜ್ಜಿ ಶೀಟಿನ ಅಂಚು ಮಡಚಿ, ಕೆಳಗಿನ ಸಿಮೆಂಟಿನ ಮೇಲೆ ಅಡಿಕೆ ಕುಟ್ಟಿಕೊಂಡರು. “ಹುಡುಗಿಯಾದ್ರೂ ಅಸಲಿ ತಾನೆ?”

ಯಜಮಾನರು ಫ್ಯಾನು ನೋಡಿದರು. ಒಳಗಿದ್ದ ಮಗಳು ತಡೆಯಲಾರದೆ ಗಹಗಹಿಸಿ ನಕ್ಕಳು. “ನಗು ಅಸಲಿ” ಎಂದರು ಅಜ್ಜಿ.

ಮದುವೆಯಾಯಿತು. ಗುಳಿಯ ಮೇಲೆ ಯಜಮಾನರು ಟೀಪಾಯಿ ಇಟ್ಟರು. ಬೀಗರು ಬಂದಾಗಲೆಲ್ಲ ಅಜ್ಜಿ ಅದನ್ನು ಪಕ್ಕಕ್ಕೆ ತಳ್ಳಿ, ಜೊತೆಗೆ ಬಂದವರಿಗೆಲ್ಲ ರಾಜಸ್ಥಾನ ತೋರಿಸುತ್ತಿದ್ದರು.