ಕಾಣದ ಮೂರು ಮುಖ

ಜೋಳದ ದಂಟು ಸೀಳಿದಾಗ ಒಂದು ಸಿಹಿ ವಾಸನೆ ಬರುತ್ತದೆ, ಗೊತ್ತಲ್ಲ ನಿಮಗೆ? ಮೊನ್ನೆ ಅದು ರಾಯಚೂರಿನ ನನ್ನ ಮನೆಯ ಪಡಸಾಲೆ ತುಂಬಿತು. ಪಕ್ಕದ ಮನೆಯ ಹುಡುಗಿ ಸಾವಿತ್ರಿ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ಆರು ಮುಖದ ಘನದ ಚಿತ್ರ ಬಿಡಿಸಲು ಬರುವುದಿಲ್ಲವೆಂದು ಪೆನ್ಸಿಲ್ ಹಿಡಿದು ಬಂದಿದ್ದಳು. ದಂಟು ತಾ ಎಂದವಳು ನಾನೇ.

ಒಂದು ಕಾಲಕ್ಕೆ ನನಗೂ ಬರುತ್ತಿರಲಿಲ್ಲ. ಮಸರಕಲ್ಲಿನ ಶಾಲೆಯಲ್ಲಿ ನಾನು ಕನ್ನಡ ಹೇಳುವವಳು. ಲೆಕ್ಕದ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಆ ಪಾಠವೂ ನನ್ನ ಕೊರಳಿಗೆ ಬಿತ್ತು. ನಮ್ಮ ಮನೆಯವರು ಮಾನ್ವಿಯಲ್ಲಿ ಗಣಿತದ ಮೇಷ್ಟ್ರು. ಶನಿವಾರ ಸಂಜೆ ಬಸ್ಸಿಳಿದು ಬರುವರು, ಭಾನುವಾರ ನನಗೆ ಪಾಠ. ಜೊತೆಗಿರಲು ಸಿಕ್ಕ ಒಂದೇ ದಿನ ಘನ ಬಿಡಿಸುತ್ತ ಕೂತ ಗಂಡಹೆಂಡಿರನ್ನು ನೀವೆಲ್ಲಾದರೂ ಕಂಡಿದ್ದೀರಾ?

ಮೊದಲ ದಿನ ನಾನು ಬಿಡಿಸಿದ ಘನದ ನೆತ್ತಿಯ ಮೇಲೊಂದು ಪುಟ್ಟ ಚೌಕವಿತ್ತು.

"ಇದೇನಿದು?" ಎಂದರು ಅವರು.

"ಬೆಳಕಿಂಡಿ ರೀ. ಇಲ್ಲಂದ್ರ ಒಳಗ ಕತ್ತಲಾಗಂಗಿಲ್ಲೇನು?"

ಗಿಲ್ಲೆಸುಗೂರಿನ ಮಣ್ಣಿನ ಮಾಳಿಗೆ ಮನೆಯಲ್ಲಿ ಹುಟ್ಟಿದವಳಿಗೆ ಕಿಂಡಿಯಿಲ್ಲದ ಚಾವಣಿ ಹೊಳೆಯುವುದಾದರೂ ಹೇಗೆ! ಅವರು ನಕ್ಕ ನಗೆಗೆ ಕೈಯಲ್ಲಿದ್ದ ಚಹಾ ಚೆಲ್ಲಿತು. ಆಮೇಲೆ ದಂಟಿನ ಸಿಪ್ಪೆಯನ್ನು ಕಡ್ಡಿಯಾಗಿ ಸೀಳಿ, ಒಳಗಿನ ಬೆಂಡಿನ ತುಂಡುಗಳಿಗೆ ಚುಚ್ಚಿ, ಆಚೆ ಈಚೆ ಕಾಣುವ ಘನವೊಂದನ್ನು ಮಾಡಿ ನನ್ನ ಅಂಗೈಯಲ್ಲಿಟ್ಟರು.

"ಚಿತ್ರದಾಗ ಮೂರು ಮುಖ ಕಾಣ್ತಾವ. ಉಳಿದ ಮೂರೂ ಅದಾವ, ಕಾಣಂಗಿಲ್ಲ ಅಷ್ಟ. ಕಣ್ಣು ಮುಚ್ಚು. ಈಗ ಮನಸಿನಾಗ ಅದರ ಹಿಂದ ಹೋಗಿ ನಿಂದರು."

ನಿಂತೆ. ಕಂಡವು. ಹಿಂದಿನ ಅಂಚುಗಳನ್ನು ಚುಕ್ಕಿಗೆರೆಯಲ್ಲಿ ಎಳೆದೆ. ಸೋಮವಾರ ನನ್ನ ತರಗತಿಯ ಮಕ್ಕಳೆಲ್ಲ ಕಣ್ಣು ಮುಚ್ಚಿ ಕೂತರು. ಹಾದುಹೋದ ಹೆಡ್ ಮೇಷ್ಟ್ರು ಪ್ರಾರ್ಥನೆ ಇನ್ನೂ ಮುಗಿದಿಲ್ಲವೆಂದುಕೊಂಡು ಕೈಮುಗಿದು ನಿಂತರು.

ನಮ್ಮ ಮನೆಯವರು ತೀರಿಕೊಂಡು ಬಹಳ ವರ್ಷವೇನೂ ಆಗಿಲ್ಲ. ಆದರೆ ಈಚೆಗೆ ನೆನೆದಾಗಲೆಲ್ಲ ಗೋಡೆಯ ಫೋಟೊದ ಮುಖವೇ ಬರುತ್ತದೆ. ಸ್ಟುಡಿಯೊದಲ್ಲಿ ಉಸಿರು ಬಿಗಿಹಿಡಿದು ಕೂತ ಮುಖ. ನಾನು ಬಾಳಿದ್ದು ಆ ಮನುಷ್ಯನ ಜೊತೆಯಲ್ಲ. ಉಳಿದದ್ದೆಲ್ಲ ಮಾಸಿಹೋಯಿತೇ ಎಂದು ನಿಜಕ್ಕೂ ಹೆದರಿದ್ದೆ.

"ಹಿಂದ ಹೋಗಿ ನಿಂದರವ್ವಾ" ಎಂದೆ ಮೊನ್ನೆ ಸಾವಿತ್ರಿಗೆ, ದಂಟಿನ ಘನವನ್ನು ಅವಳ ಅಂಗೈಯಲ್ಲಿಟ್ಟು. ಅವಳು ಕಣ್ಣು ಮುಚ್ಚಿದಳು. ಸುಮ್ಮನೆ ನಾನೂ ಮುಚ್ಚಿದೆ.

"ಕಂಡ್ವು ಟೀಚರ್! ಮೂರೂ ಕಂಡ್ವು!"

ನನಗೆ ಕಂಡದ್ದು ಬೇರೆ. ಸೋಮವಾರ ಬೆಳಗಿನ ಮಾನ್ವಿ ಬಸ್ಸಿಗೆ ಹೊರಟ ಒಂದು ಬೆನ್ನು. ಎಡಭುಜ ತುಸು ಇಳಿದಿದೆ, ಹಿಂದೆ ಕಾಲರು ಮಡಿಚಲು ಮರೆತಿದ್ದಾರೆ, ಕಿವಿಯ ಹತ್ತಿರ ಭಾನುವಾರದ ಪಾಠದ ಸೀಮೆಸುಣ್ಣದ ಬಿಳುಪು. ರೀ, ಎಂದು ಕೂಗಬೇಕೆನ್ನಿಸಿತು. ಕೂಗಲಿಲ್ಲ. ತಿರುಗಿದಾಗ ಮತ್ತೆ ಆ ಫೋಟೊದ ಮುಖವೇ ಬಂದುಬಿಟ್ಟರೆ?