ತೆಗೆದುಹಾಕಿದ ಒಂದು ಸಾಲು

ಹಳೆಯ ಫಾಂಟುಗಳಲ್ಲಿ ಟೈಪಾದ ಕನ್ನಡ, ಮರಾಠಿ ಕಡತಗಳನ್ನು ಯುನಿಕೋಡಿಗೆ ಬದಲಿಸುವ ಸಣ್ಣ ಸಾಫ್ಟ್‌ವೇರ್ ಪ್ಯಾಕೇಜೊಂದನ್ನು ನಾನೀಗ ಒಬ್ಬನೇ ನೋಡಿಕೊಳ್ಳುತ್ತೇನೆ. ಮೊದಲು ಇಬ್ಬರಿದ್ದೆವು. ಇನ್ನೊಬ್ಬ ನನ್ನ ಕಾಲೇಜಿನ ಗೆಳೆಯ, ಮಿರಜಿನಲ್ಲಿ ಅರಿಶಿನದ ಅಂಗಡಿಯ ಮನೆಯವನು. ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಸಾಂಗ್ಲಿಯ ನನ್ನ ಕೋಣೆಗೆ ಬರುತ್ತಿದ್ದ. ಇದ್ದದ್ದು ನನ್ನದೊಂದೇ ಲ್ಯಾಪ್‌ಟಾಪ್. ಸರದಿಯ ಮೇಲೆ ಕೂರುತ್ತಿದ್ದೆವು.

ಒಂದು ಭಾನುವಾರದ ಕೆಲಸದ ನಂತರ ಒತ್ತಕ್ಷರಗಳೆಲ್ಲ ಕೆಟ್ಟು, ಬಳಸುವವರಿಂದ ದೂರುಗಳು ಬಂದವು. ಪ್ಯಾಕೇಜಿನ ಕೋಡಿನಲ್ಲಿ ಒಂದು ಸಾಲು ಮಾಯವಾಗಿತ್ತು.

"ಅದನ್ನ ನೀನ ತಗದಿ," ಎಂದೆ.

"ನಾನೋ ನೀನೋ, ನೆನಪಿಲ್ಲಲೇ."

"ನನಗ ನೆನಪೈತಿ. ಚಾ ಕುಡಕೋತ ಅಳಿಸಿದಿ."

"ಭಾಳ ಶಾಣ್ಯಾ ಅದಿ. ಹಂಗಾರ ಒಬ್ಬನ ಮಾಡ್ಕೋ," ಎಂದು ನಕ್ಕ. ಮುಂದಿನ ಭಾನುವಾರ ಬರಲಿಲ್ಲ. ನಾನೂ ಕರೆಯಲಿಲ್ಲ. ಸಾಲನ್ನು ನಾನೇ ವಾಪಸು ಸೇರಿಸಿದೆ.

ಮೂರು ವರ್ಷದ ಮೇಲೆ, ಯಾರೋ ಆ ಸಾಲಿನ ಬಗ್ಗೆ ಕೇಳಿದರೆಂದು ಗಿಟ್‌ನ ಇತಿಹಾಸ ತೆಗೆದೆ. ಪ್ರತಿ ಬದಲಾವಣೆ ಯಾರದೆಂದು ಅದು ಬರೆದಿಟ್ಟಿರುತ್ತದೆ. ಅಳಿಸಿದವನ ಜಾಗದಲ್ಲಿ ನನ್ನ ಹೆಸರಿತ್ತು. ಆಮೇಲೆ ಹೊಳೆಯಿತು: ನನ್ನ ಲ್ಯಾಪ್‌ಟಾಪಿನಲ್ಲಿ ಅವನು ಮಾಡಿದ್ದಕ್ಕೂ ನನ್ನ ಹೆಸರೇ ಬೀಳುತ್ತಿತ್ತು, ಅದನ್ನು ಬದಲಿಸುವ ಗೋಜಿಗೆ ಇಬ್ಬರೂ ಹೋಗಿರಲಿಲ್ಲ. ಚಹಾದ ಲೋಟ ಹಿಡಿದ ಕೈಯೊಂದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಯಾರ ಕೈಯೆಂದು ಹೇಳಲಾರೆ. ಕಾಲೇಜಿನಲ್ಲಿ ಎಲ್ಲರ ಮಾತಿಗೂ ಪುರಾವೆ ಕೇಳುತ್ತಿದ್ದ ನಾನು ಅವತ್ತು ನನ್ನ ನೆನಪಿಗೆ ಮಾತ್ರ ಕೇಳಿರಲಿಲ್ಲ.

ಮಿರಜಿಗೆ ಹೋದೆ.

"ಬರ್ರಿ ಸಾಹೇಬ್ರ, ಕುಂದ್ರಿ. ಅರಿಷಿಣ ಎಷ್ಟ ಕಟ್ಲಿ?" ಎಂದ ಗೆಳೆಯ. ಅವನು ನನಗೆ 'ರಿ' ಹಚ್ಚಿದ್ದು ಅದೇ ಮೊದಲು.

"ಆ ಸಾಲ ಯಾರ ತಗದ್ರಂತ ನನಗೂ ಗೊತ್ತಿಲ್ಲ," ಎಂದೆ.

"ಇದನ್ನ ಅವತ್ತ ಅಂದಿದ್ರ ಆಗ್ತಿತ್ತಲ್ರಿ."

"ರವಿವಾರ ಬರ್ತೀಯೇನು?"

"ರವಿವಾರ ಅಂಗಡಿ ಇರತೈತ್ರಿ," ಎಂದವನೇ ಗಿರಾಕಿಯ ಕಡೆ ತಿರುಗಿ ಮರಾಠಿಗಿಳಿದ.

ಕೋಣೆಗೆ ಮರಳಿ ಆ ಸಾಲಿನ ಮೇಲೊಂದು ಟಿಪ್ಪಣಿ ಬರೆದೆ: 'ಇದನ್ನು ಒಮ್ಮೆ ತೆಗೆದದ್ದು ಯಾರೆಂದು ಗೊತ್ತಿಲ್ಲ. ಗೆಳೆಯನ ಮೇಲೆ ಹೊರಿಸಿದವನು ನಾನು.' ಬದಲಾವಣೆಯನ್ನು ಸೇರಿಸುವ ಮೊದಲು ಜೊತೆಗಾರನ ಒಪ್ಪಿಗೆ ಕೇಳಿ ಕಳಿಸಬಹುದು. ಒಂದೇ ಮೇಜಿಗೆ ಕೂತಿದ್ದ ನಮಗೆ ಅದು ಎಂದೂ ಬೇಕಾಗಿರಲಿಲ್ಲ. ಪ್ಯಾಕೇಜಿನ ಜೊತೆಗಾರರ ಪಟ್ಟಿಯಲ್ಲಿ ಅವನ ಹೆಸರು ಇನ್ನೂ ಇತ್ತು, ಅವನಿಗೆ ಕಳಿಸಿದೆ.

ಹನ್ನೊಂದು ದಿನವಾಯಿತು. ಅವನು ಒಪ್ಪಿಲ್ಲ, ಬೇಡವೆಂದೂ ಹೇಳಿಲ್ಲ. ನಾನಾಗಿಯೇ ಅದನ್ನು ಸೇರಿಸಿಬಿಡಬಹುದು. ಸೇರಿಸಿಲ್ಲ.