ಸುಣ್ಣದ ಹಿಂದಿನ ಸೀಸ

ಆ ಕಟ್ಟಡ ನೂಲಿನ ಗಿರಣಿಯಾಗಿದ್ದ ಕಾಲಕ್ಕೆ ಅವಳಿಗೆ ಹದಿನಾರು. ಕಡಿದ ಎಳೆಗಳನ್ನು ಗಂಟು ಹಾಕುವ ಕೆಲಸ. ಕೈಯ ಚುರುಕು ಕಂಡು ಎಲ್ಲರೂ ಮಿಂಚಕ್ಕ ಎನ್ನುತ್ತಿದ್ದರು. ಗಿರಣಿ ಮುಚ್ಚಿ ಯಂತ್ರಗಳು ಗುಜರಿಗೆ ಹೋದರೂ ಹೆಸರು ಮಾತ್ರ ಉಳಿದುಕೊಂಡಿತು.

ಆಮೇಲೆ ಅಲ್ಲಿಗೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವವರು ಬಂದರು. ಅವಳ ಗಂಡ ಕುಲುಮೆಯ ಮುಂದೆ ಹನ್ನೊಂದು ವರ್ಷ ನಿಂತ. ಮೊದಮೊದಲು ಹೊಟ್ಟೆ ಹಿಂಡುವ ನೋವು. ಕೊನೆಗೆ ಮಣಿಕಟ್ಟುಗಳು ಜೋತುಬಿದ್ದು ಲೋಟ ಎತ್ತಲೂ ಆಗದಾಯಿತು. "ನನ್ನ ಕೈನೂ ನಿನ್ ಥರಾನೇ ಕಣೇ, ಹೇಳಿದ ಮಾತೇ ಕೇಳಲ್ಲ" ಎಂದು ನಗುತ್ತಿದ್ದ. ಮೈಗೆ ಸೀಸ ಸೇರಿದೆ ಎಂದರು ಡಾಕ್ಟರು. ಅವನು ತೀರಿಕೊಂಡ ಮರುವರ್ಷ ಕಂಪನಿಯೂ ಕಾಲ್ಕಿತ್ತಿತು.

ಮೂರನೆಯ ಮಾಲೀಕ ಗೋಡೆಗೆ ದಪ್ಪಗೆ ಸುಣ್ಣ ಹೊಡೆಸಿ, ಮಕ್ಕಳ ಬಟ್ಟೆ ಹೊಲಿಸಲು ಎಂಬತ್ತು ಯಂತ್ರ ಹಾಕಿಸಿದ. ಮಿಂಚಕ್ಕನ ಸೊಸೆಗೆ ಅಲ್ಲಿ ಕೆಲಸ ಸಿಕ್ಕಿತು. ಮಗ ಲಾರಿಯ ಕೆಲಸ ಕಳೆದುಕೊಂಡು ಮನೆಯಲ್ಲಿದ್ದ. ಮೊದಲ ದಿನ ಸಂಜೆ ಸೊಸೆ ಬಟ್ಟೆ ಕೊಡವಿದಾಗ ಬೂದು ಪುಡಿ ಉದುರಿತು. ಮಿಂಚಕ್ಕ ಬಗ್ಗಿ ಬೆರಳಲ್ಲಿ ಒತ್ತಿ ನೋಡಿದಳು. ಗಂಡನ ಅಂಗಿ ಒಗೆದು ಒಗೆದು ಗುರುತಾದ ಪುಡಿ ಅದು. ಆದರೂ ಬಾಯಿ ಬಿಡಲಿಲ್ಲ. ಒಲೆ ಉರಿಯಬೇಕಿತ್ತು.

ಸೊಸೆ ಬಸುರಾಗಿ ಮೂರು ತಿಂಗಳು ತುಂಬಿದಾಗ ತಡೆಯಲಾಗದೆ ಮ್ಯಾನೇಜರನ ಮುಂದೆ ಹೋಗಿ ನಿಂತಳು.

"ಸ್ವಾಮಿ, ತೊಲೆ ಮೇಲೆಲ್ಲ ಸೀಸದ ಧೂಳು ಕೂತಿದೆ. ಮಿಷನ್ ಓಡಿದ ಹಾಗೆಲ್ಲ ಉದುರುತ್ತೆ."

"ಸುಣ್ಣ ಹೊಡೆಸಿದೀವಲ್ಲಮ್ಮ!"

"ತೊಲೆಗೆ ಹೊಡೆಸಿಲ್ಲ."

"ಭಯ ಇದ್ರೆ ಸೊಸೇನ ಬಿಡಿಸಿ. ಉಳಿದವರನ್ನ ಯಾಕೆ ಹೆದರಿಸ್ತೀರಾ?"

ಮನೆಯಲ್ಲಿ ಸೊಸೆ, "ಬಿಟ್ರೆ ತಿನ್ನೋದೇನು ಅತ್ತೆ? ಇವರಿಗೊಂದು ಕೆಲಸ ಆಗ್ಲಿ" ಎಂದಳು.

ಮಿಂಚಕ್ಕ ಮತ್ತೆ ಮ್ಯಾನೇಜರನ ಹತ್ತಿರ ಹೋಗಿ, ಸುಮ್ಮನಿರುತ್ತೇನೆಂದು ಮಾತು ಕೊಟ್ಟು, ಅಲ್ಲೇ ಕಸ ತೆಗೆಯುವ ಕೆಲಸ ಹಿಡಿದಳು. ಪೊರಕೆ ಮುಟ್ಟಲಿಲ್ಲ, ಗುಡಿಸಿದರೆ ಧೂಳೇಳುತ್ತದೆ. ಹೆಂಗಸರು ಬರುವ ಮೊದಲೇ ಒದ್ದೆ ಬಟ್ಟೆಯಲ್ಲಿ ನೆಲ, ಮೇಜು, ಸೊಸೆಯ ಯಂತ್ರ ಎಲ್ಲ ಒರೆಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಅಷ್ಟೇ ಧೂಳು ಕೂತಿರುತ್ತಿತ್ತು.

ಏಳನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಸತ್ತಿತು. "ಇಂಥದ್ದೇ ಕಾರಣ ಅಂತ ಹೇಳಕ್ಕಾಗಲ್ಲ" ಎಂದರು ಡಾಕ್ಟರು. ಸೊಸೆ ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ನಿಮಗೆ ಯಾವಾಗ ಗೊತ್ತಾಯ್ತು ಅತ್ತೆ?"

"ನೀನು ಸೇರಿದ ದಿನಾನೇ."

ಅಂದಿನಿಂದ ಸೊಸೆ ತಟ್ಟೆ ತಂದು ಮುಂದಿಡುತ್ತಾಳೆ, ಮಾತಾಡುವುದಿಲ್ಲ.

ಕೊಟ್ಟ ಮಾತು ಮುರಿದು, ಹೊಸದಾಗಿ ಸೇರಲು ಬಂದವರಿಗೆಲ್ಲ ಮಿಂಚಕ್ಕ ಗೇಟಿನಲ್ಲೇ ವಿಷಯ ಹೇಳತೊಡಗಿದಳು. ವಾರದೊಳಗೆ ಕೆಲಸ ಹೋಯಿತು. ರಸ್ತೆಯ ಆಚೆ ಬದಿ ಹೋಗಿ ನಿಂತಳು. ಇಬ್ಬರು ಹೆಂಗಸರು ಹಿಂತಿರುಗಿದರು. ಮೂರನೆಯವಳು ಬಸುರಿ; ಪೂರ್ತಿ ಕೇಳಿಸಿಕೊಂಡಳು.

"ನೀವು ಹೇಳೋದು ಸರಿ ಇರಬಹುದಮ್ಮ. ಬೇರೆ ಕೆಲಸ ಎಲ್ಲಾದ್ರೂ ಇದ್ರೆ ಹೇಳಿ."

ಎಲ್ಲೂ ಇರಲಿಲ್ಲ. ಮಿಂಚಕ್ಕ ತನ್ನ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಬೀದಿಯ ನಲ್ಲಿಯಲ್ಲಿ ನೆನೆಸಿ ಹಿಂಡಿ, ಅವಳ ಮೂಗು ಬಾಯಿಗೆ ಬಿಗಿಯಾಗಿ ಕಟ್ಟಿ ಒಳಗೆ ಕಳಿಸಿದಳು.